ಕಾವಲು

ಹುಟ್ಟಿದ್ದು ಅಜ್ಜಂಪುರ, ಅನ್ನ ಸಿಕ್ಕಿದ್ದು ಕಡೂರು, ಅಕ್ಕನನ್ನು ಕೊಟ್ಟಿದ್ದು ತರೀಕೆರೆಗೆ. ಹೀಗಾಗಿ ನನ್ನ ಓಡಾಟವೆಲ್ಲ ಬೀರೂರು ಜಂಕ್ಷನ್ನಿನ ಸುತ್ತಲೇ. ಬೆಂಗಳೂರಿನಿಂದ ಬಂದ ರೈಲುಹಳಿ ಕಡೂರು ದಾಟಿ ಬೀರೂರಿಗೆ ಬಂದು ಕವಲೊಡೆಯುತ್ತದೆ. ಒಂದು ಅಜ್ಜಂಪುರದ ಮೇಲೆ ಹಾದು ಹುಬ್ಬಳ್ಳಿಗೆ, ಇನ್ನೊಂದು ತರೀಕೆರೆಯ ಕಡೆ ಹೊರಳಿ ಭದ್ರಾವತಿ, ಶಿವಮೊಗ್ಗಕ್ಕೆ. ಒಂದು ಹಳಿಯ ಪಕ್ಕ ಈರುಳ್ಳಿ ಹೊಲ, ರಾಗಿ ಹೊಲ, ಬಯಲು. ಇನ್ನೊಂದರ ಪಕ್ಕ ಸ್ವಲ್ಪ ದೂರ ಹೋಗುವುದರೊಳಗೆ ಅಡಿಕೆ ತೋಟದ ತಂಪು. ನೆಲ ಬೇರೆ, ಬೆಳೆ ಬೇರೆ, ಮಳೆಯ ಲೆಕ್ಕವೂ ಬೇರೆ. ಆದರೆ ಈ ಸೀಮೆಯಲ್ಲಿ ಬೆಳೆದವರ ಬಾಯಲ್ಲಿ ಒಂದು ಮಾತು ಮಾತ್ರ ಒಂದೇ ಅರ್ಥದಲ್ಲಿ ಓಡಾಡುತ್ತದೆ. ಅದು ‘ಕಾವಲು’.

ಬೇರೆ ಊರಿನವರಿಗೆ ಕಾವಲು ಎಂದರೆ ಪಹರೆ. ನಮಗೆ ಅದು ನೆಲ. “ದನ ಎಲ್ಲಿ ಹೊಡೆದಿದೀಯ?” ಎಂದರೆ “ಕಾವಲಿಗೆ” ಎನ್ನುತ್ತೇವೆ. “ಹುಡುಗರು ಎಲ್ಲಿ?” ಎಂದರೂ “ಕಾವಲ ಕಡೆ ಹೋಗಿದಾವೆ” ಎಂದೇ ಉತ್ತರ. ಮೈಸೂರು ಅರಸರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ಅರಮನೆಯ ದನದ ಹಿಂಡಿಗೆ ಟಿಪ್ಪು ಸುಲ್ತಾನ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಫಿರಂಗಿ, ಮದ್ದುಗುಂಡುಗಳ ಗಾಡಿ ಎಳೆದು ದಿನಗಟ್ಟಲೆ ನಡೆಯಬಲ್ಲ ಎತ್ತು ಬೇಕೆಂದು ಆ ತಳಿಯನ್ನು ಜತನ ಮಾಡಿದರು. ಹಿಂಡು ಮೇಯಲೆಂದು ಅಲ್ಲಲ್ಲಿ ಹುಲ್ಲುಗಾವಲುಗಳನ್ನು ಕಾಯ್ದಿಟ್ಟರು. ಕಾಯ್ದಿಟ್ಟ ನೆಲವೇ ಕಾವಲಾಯಿತು. ಅಜ್ಜಂಪುರದಲ್ಲಿ ಇವತ್ತಿಗೂ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ಕಾಯುವ ಕೆಲಸದ ಹೆಸರನ್ನೇ ನೆಲಕ್ಕೆ ಇಟ್ಟುಕೊಂಡ ಸೀಮೆ ನಮ್ಮದು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಹೊಳೆಸಿದ್ದು ಫುಟ್‌ಬಾಲ್.

ನಮ್ಮ ಆಟದ ಮೈದಾನ ಕಾವಲಿನ ಅಂಚಿಗೆ ಇತ್ತು. ಗೋಲು ಎಂದರೆ ಎರಡು ಕಲ್ಲು. ಅಡ್ಡಪಟ್ಟಿ ಇಲ್ಲ, ಗೋಲಿಯ ಕೈಗೆ ಎಟುಕಿದಷ್ಟು ಎತ್ತರ ಎಂದು ಒಪ್ಪಂದ. ಗೆರೆಗಳಿಲ್ಲ; ಒಂದು ಬದಿಗೆ ಜಾಲಿಗಿಡದ ಸಾಲು, ಇನ್ನೊಂದು ಬದಿಗೆ ಗಾಡಿಜಾಡು. ಡ್ರಿಲ್ ಮೇಷ್ಟ್ರು ಮೊದಲ ದಿನವೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಖ ನೋಡಿ ಜಾಗ ಹಂಚಿದರು. ಎಲ್ಲರಿಗೂ ಫಾರ್ವರ್ಡ್ ಆಗುವ ಆಸೆ. ನನ್ನ ಮುಂದೆ ಬಂದು, “ನೀನು ಬ್ಯಾಕ್” ಎಂದರು. ಮುಖ ಬಾಡಿದ್ದು ಅವರಿಗೆ ಕಂಡಿರಬೇಕು. ಹೆಗಲ ಮೇಲೆ ಕೈಯಿಟ್ಟು ಹೇಳಿದರು: “ಬ್ಯಾಕ್ ಅಂದ್ರೆ ಹಿಂದೆ ಅಂತ ಅಲ್ಲ ಕಣೋ. ಬೆನ್ನು ಅಂತ. ಬೆನ್ನು ಬಿತ್ತು ಅಂದ್ರೆ ಮೈಯೇ ಬಿತ್ತು.”

ಆ ಮಾತು ಅರ್ಥವಾಗಲು ಒಂದು ಹಸು ಬೇಕಾಯಿತು.

ಒಂದು ಭಾನುವಾರ, ಆಟಕ್ಕೆ ಹುಡುಗರು ಸೇರುವ ಮೊದಲೇ ನಾನು ಕಾವಲಿಗೆ ಹೋಗಿದ್ದೆ. ಅಮೃತ್ ಮಹಲ್ ಹಸುಗಳನ್ನು ಹತ್ತಿರದಿಂದ ನೋಡದವರಿಗೆ ಅವುಗಳ ಕೊಂಬಿನ ಬಗ್ಗೆ ಹೇಳಬೇಕು. ಬುಡದಲ್ಲಿ ಒಂದಕ್ಕೊಂದು ಒತ್ತಿಕೊಂಡು ಹುಟ್ಟಿ, ಹಿಂದಕ್ಕೆ ಬಾಗಿ, ಆಮೇಲೆ ಮೇಲಕ್ಕೆ ತಿರುಗಿ, ತುದಿಯಲ್ಲಿ ದಬ್ಬಳದ ಹಾಗೆ ಚೂಪಾಗುತ್ತವೆ. ಮನೆಯ ಹಸುವಿನ ಸೌಮ್ಯತೆ ಇವುಗಳ ಕಣ್ಣಲ್ಲಿಲ್ಲ. ಅವತ್ತು ಅಂಥ ಒಂದು ಹಸು ಈದು ಹೆಚ್ಚು ದಿನವಾಗಿರಲಿಲ್ಲ. ಕರು ಹುಲ್ಲಿನಲ್ಲಿ ಮಲಗಿತ್ತು. ಎಲ್ಲಿಂದಲೋ ಎರಡು ನಾಯಿ ಬಂದವು. ಹಸು ನುಗ್ಗಿ ತಿವಿಯುತ್ತದೆ ಎಂದು ನಾನು ಉಸಿರು ಬಿಗಿಹಿಡಿದು ನಿಂತೆ. ಅದು ನುಗ್ಗಲಿಲ್ಲ. ಕರುವಿಗೂ ನಾಯಿಗಳಿಗೂ ನಡುವೆ ಬಂದು ಓರೆಯಾಗಿ ನಿಂತಿತು. ತಲೆ ತಗ್ಗಿತ್ತು, ಮುಂಗಾಲು ಒಂದು ಮುಂದೆ, ಒಂದು ಹಿಂದೆ. ನಾಯಿ ಎಡಕ್ಕೆ ಸರಿದರೆ ಅದೂ ಎಡಕ್ಕೆ ಒಂದು ಹೆಜ್ಜೆ. ಬಲಕ್ಕೆ ಸರಿದರೆ ಬಲಕ್ಕೆ. ನಾಯಿ ಬೊಗಳಿ ಕೆಣಕಿತು, ಓಡಿದ ಹಾಗೆ ಮಾಡಿ ತಿರುಗಿ ಬಂತು. ಹಸು ಆ ಆಟಕ್ಕೆ ಬೀಳಲೇ ಇಲ್ಲ. ಸುಮಾರು ಹೊತ್ತಾದ ಮೇಲೆ ನಾಯಿಗಳಿಗೇ ಬೇಸರ ಬಂದು ಗಾಡಿಜಾಡಿನ ಕಡೆ ಹೊರಟುಹೋದವು.

ದನ ಕಾಯುವ ಅಜ್ಜ ಒಬ್ಬರು ಬೇಲಿಗೆ ಒರಗಿ ಬೀಡಿ ಸೇದುತ್ತ ಎಲ್ಲವನ್ನೂ ನೋಡುತ್ತಿದ್ದರು. “ಯಾಕಜ್ಜ, ತಿವೀಲಿಲ್ಲ?” ಎಂದೆ. “ಒಂದನ್ನ ತಿವಿಯಾಕೆ ಹೋದ್ರೆ ಇನ್ನೊಂದು ಕರಾ ಹಿಡಿತದಲ್ಲ ಮಗಾ. ಅದಕ್ಕೆ ಗೊತ್ತು” ಎಂದರು.

ಬ್ಯಾಕ್ ಆಡುವುದು ಇಷ್ಟೇ. ಇದಕ್ಕಿಂತ ಹೆಚ್ಚಿನದನ್ನು ನಾನು ಆಮೇಲೆ ಯಾವ ಆಟಗಾರನಿಂದಲೂ ಯಾವ ಟೀವಿ ಪರದೆಯಿಂದಲೂ ಕಲಿಯಲಿಲ್ಲ. ಚೆಂಡಿನ ಮೇಲೆ ಬೀಳಬೇಡ. ಎದುರಿನವನಿಗೆ ಮುಖಾಮುಖಿ ನಿಲ್ಲಬೇಡ, ಓರೆಯಾಗಿ ನಿಲ್ಲು. ಎರಡು ಕಾಲಿನ ನಡುವೆ ದಾರಿ ಸಿಗದ ಹಾಗೆ, ಯಾವ ಕಡೆಗಾದರೂ ತಟ್ಟನೆ ತಿರುಗಲು ಬರುವ ಹಾಗೆ. ಅವನ ಕಾಲು ನೋಡಬೇಡ, ಕಾಲು ಹತ್ತು ಸುಳ್ಳು ಹೇಳುತ್ತದೆ. ಸೊಂಟ ನೋಡು, ಚೆಂಡು ನೋಡು. ಅವನನ್ನು ಗೆರೆಯ ಕಡೆಗೆ, ಜಾಲಿಗಿಡದ ಕಡೆಗೆ ಒತ್ತಿಕೊಂಡು ಹೋಗು. ಅವನಿಗೆ ಅವಸರ, ನಿನಗೆ ಇಲ್ಲ. ನೀನು ತಡೆದ ಒಂದೊಂದು ಗಳಿಗೆಗೂ ನಿನ್ನ ಕಡೆಯವನು ಒಬ್ಬ ಹಿಂದೆ ಓಡಿ ಬರುತ್ತಿರುತ್ತಾನೆ. ಹೆಡ್ ಮಾಡಿದರೆ ಚೆಂಡು ನಡುವಿಗೆ ಬೀಳಬಾರದು, ಬದಿಗೆ ಬೀಳಬೇಕು. ಮತ್ತೆ, ಮಾತಾಡು. ಮೈದಾನದಲ್ಲಿ ಎಲ್ಲರ ಬೆನ್ನೂ ಕಾಣುವುದು ನಿನಗೆ ಮತ್ತು ಗೋಲಿಗೆ ಮಾತ್ರ. ಆದ್ದರಿಂದ ಕೂಗಿ ಹೇಳುವ ಹೊಣೆ ನಿನ್ನದು. ಸ್ವಭಾವತಃ ಮಾತು ಕಡಿಮೆಯಿದ್ದ ನಾನು ಬಾಯಿಬಿಟ್ಟು ಕೂಗಲು ಕಲಿತದ್ದು ಆ ಕಾವಲಿನ ಅಂಚಿನಲ್ಲೇ. “ನಂದು, ಬಿಡೋ!” ಎಂಬುದು ನಾನು ಗಟ್ಟಿ ದನಿಯಲ್ಲಿ ಆಡಿದ ಮೊದಲ ಮಾತಿರಬೇಕು.

ಆಟದ ಇತಿಹಾಸ ನೋಡಿದರೆ ಒಂದು ಕಾಲಕ್ಕೆ ಹಿಂದೆ ನಿಲ್ಲುತ್ತಿದ್ದವರು ಇಬ್ಬರೇ. ಅವರ ಮುಂದೆ ಮೂವರು ಹಾಫ್‌ಬ್ಯಾಕ್, ಅದರ ಮುಂದೆ ಐವರು ಫಾರ್ವರ್ಡ್. 1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದುವರೆಗೆ ಫಾರ್ವರ್ಡ್ ಆಟಗಾರನಿಗೂ ಗೋಲು ಗೆರೆಗೂ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು. ಅಲ್ಲಿಂದಾಚೆ ಇಬ್ಬರಿದ್ದರೆ ಸಾಕು ಎಂದಾಯಿತು. ಗೋಲುಗಳು ಸುರಿಯತೊಡಗಿದವು. ಆಗ ನಡುವಿನ ಹಾಫ್‌ಬ್ಯಾಕ್‌ನನ್ನು ಹಿಂದಕ್ಕೆಳೆದು ಇಬ್ಬರು ಬ್ಯಾಕ್‌ಗಳ ಮಧ್ಯೆ ನಿಲ್ಲಿಸಿದರು. ನಮ್ಮ ಕಡೆ ಇವತ್ತಿಗೂ ಹಳಬರು ‘ಸ್ಟಾಪರ್’ ಎನ್ನುವುದು ಅವನನ್ನೇ. ಮುಂದೆ ಮೂವರು ನಾಲ್ವರಾದರು. ಗೋಲು ಹೊಡೆಯುವುದು ಸುಲಭವಾದಾಗಲೆಲ್ಲ ಯಾರೋ ಒಬ್ಬನನ್ನು ಹಿಂದಕ್ಕೆ ಕರೆದು ಕಾವಲಿಗೆ ಹಾಕಿದ್ದಾರೆ.

ಡ್ರಿಲ್ ಮೇಷ್ಟ್ರ ಬಳಿ ಒಂದು ನೋಟ್‌ಬುಕ್ ಇತ್ತು. ಪೇಪರಿನಲ್ಲಿ ಬಂದ ಫುಟ್‌ಬಾಲ್ ಸುದ್ದಿಗಳನ್ನು ಮೈದಾಹಿಟ್ಟಿನ ಅಂಟಿನಿಂದ ಅಂಟಿಸಿ ಇಟ್ಟಿದ್ದರು. ಮಳೆ ಬಂದು ಆಟ ನಿಂತ ದಿನ ಶಾಲೆಯ ಜಗಲಿಯಲ್ಲಿ ಕೂತು ಅದನ್ನು ಬಿಡಿಸುವರು. ನಮ್ಮ ರಾಜ್ಯದ ಹೆಸರುಗಳು ಬಂದಾಗ ಅವರ ದನಿ ಬದಲಾಗುತ್ತಿತ್ತು. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದ ಬೆಂಗಳೂರಿನ ರಾಮನ್. 1952ರ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯಾ ಹತ್ತು ಗೋಲು ಬಾರಿಸಿದ ದಿನ ನಮ್ಮ ಕಡೆಯ ಒಂದೇ ಒಂದು ಗೋಲು ಹೊಡೆದ ಬೆಂಗಳೂರಿನ ಅಹ್ಮದ್ ಖಾನ್. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ಅರುಮೈನಾಯಗಂ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ ನಾಲ್ಕು ಸಲ ಗೆದ್ದದ್ದು. ಬೆಂಗಳೂರಿನ ಐಟಿಐ, ಎಚ್‌ಎಎಲ್ ಕಾರ್ಖಾನೆಗಳಲ್ಲಿ ಚೆಂಡಾಡಿದವರಿಗೆ ನೌಕರಿ ಸಿಗುತ್ತಿದ್ದ ಸಂಗತಿಯನ್ನು ಅವರು ಹೇಳುವಾಗ ನಮಗೆಲ್ಲ ಬೀರೂರಿನಲ್ಲಿ ರೈಲು ಹತ್ತಿಬಿಡೋಣ ಅನಿಸುತ್ತಿತ್ತು.

ಒಂದು ದಿನ ಕೇಳಿದೆ. “ಸಾರ್, ಇದ್ರಲ್ಲಿ ನಮ್ಮೋರು ಬ್ಯಾಕ್ ಯಾರೂ ಇಲ್ವಾ?”

ಮೇಷ್ಟ್ರು ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. “ಇದಾರೆ ಕಣೋ, ಇರದೆ ಏನು? ಹನ್ನೊಂದು ಜನ ಆಡಿದಾರಲ್ಲ. ಪೇಪರ್‌ನೋರು ಹೆಸರು ಹಾಕಿಲ್ಲ ಅಷ್ಟೇ.” ಆಮೇಲೆ ನನ್ನ ಸಮಾಧಾನಕ್ಕೆಂದು ಹೊರಗಿನ ಇಬ್ಬರ ಕತೆ ಹೇಳಿದರು. ಒಬ್ಬರು ಬಂಗಾಳದ ಶೈಲೇನ್ ಮನ್ನಾ, ಇನ್ನೊಬ್ಬರು ಪಂಜಾಬಿನ ಜರ್ನೈಲ್ ಸಿಂಗ್.

ಮನ್ನಾ ಮೋಹನ್ ಬಾಗಾನ್ ತಂಡದ ಬ್ಯಾಕ್. ಭಾರತ 1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಾಗ ನಾಯಕ. ಮೋಹನ್ ಬಾಗಾನ್ ಬಿಟ್ಟು ಕದಲದೆ ಹತ್ತೊಂಬತ್ತು ವರ್ಷ ಆಡಿದವರು. ಆದರೆ ಜನ ಅವರನ್ನು ನೆನೆಯುವುದು ಲಂಡನ್ನಿನ ಆ ಫ್ರಾನ್ಸ್ ಪಂದ್ಯದಲ್ಲಿ ಪೆನಾಲ್ಟಿ ತಪ್ಪಿದ್ದಕ್ಕೆ. ಅವತ್ತು ಭಾರತಕ್ಕೆ ಎರಡು ಪೆನಾಲ್ಟಿ ಸಿಕ್ಕಿ ಎರಡೂ ಕೈತಪ್ಪಿ, ಬಹುಪಾಲು ಬರಿಗಾಲಲ್ಲಿ ಆಡಿದ ನಮ್ಮವರು 2-1ರಿಂದ ಸೋತರು. ಜರ್ನೈಲ್ ಸಿಂಗ್ ಅವರದು ಇನ್ನೊಂದು ಬಗೆ. ಜಕಾರ್ತಾದಲ್ಲಿ ತಲೆಗೆ ಪೆಟ್ಟಾಗಿ ಹೊಲಿಗೆ ಬಿತ್ತು. ಕೋಚ್ ರಹೀಮ್, ಜರ್ನೈಲ್ ಅವರನ್ನು ಹಿಂದೆ ನಿಲ್ಲಿಸದೆ ಸೆಂಟರ್ ಫಾರ್ವರ್ಡ್ ಮಾಡಿ ಕಳಿಸಿದರು. ಸೆಮಿಫೈನಲ್‌ನಲ್ಲಿ ಒಂದು ಗೋಲು, ದಕ್ಷಿಣ ಕೊರಿಯಾ ಎದುರಿನ ಫೈನಲ್‌ನಲ್ಲಿ ಇನ್ನೊಂದು. ಭಾರತ 2-1ರಿಂದ ಗೆದ್ದಿತು. ಏಷ್ಯಾದಲ್ಲೇ ಆ ಕಾಲಕ್ಕೆ ಅವರಂಥ ಸ್ಟಾಪರ್ ಇಲ್ಲ ಎನಿಸಿಕೊಂಡವರನ್ನು ನಾವು ನೆನೆಯುವುದು ಅವರು ಸ್ಟಾಪರ್ ಆಗಿ ಆಡದ ಎರಡು ಪಂದ್ಯಗಳಿಂದ.

ಇದು ಅಂದಿನಿಂದ ನನ್ನನ್ನು ಕೊರೆಯುತ್ತ ಬಂದ ಸಂಗತಿ. ಬ್ಯಾಕ್ ಆಡಿದವನ ಹೆಸರು ಉಳಿಯಬೇಕಾದರೆ ಅವನು ತನ್ನ ಜಾಗ ಬಿಟ್ಟು ಮುಂದೆ ಹೋಗಿ ಏನಾದರೂ ಮಾಡಬೇಕು. ಹೊಡೆಯಬೇಕು, ಇಲ್ಲ ತಪ್ಪಬೇಕು. ಜಾಗದಲ್ಲೇ ನಿಂತು ಮಾಡಿದ ಕೆಲಸಕ್ಕೆ ಗುರುತಿಲ್ಲ.

ಕೆರೆ ಏರಿಯ ಪಾಡೂ ಹೀಗೆಯೇ. ನಮ್ಮದು ಕೆರೆಗಳ ಸೀಮೆ. ತರೀಕೆರೆಯ ಹೆಸರಲ್ಲೇ ಕೆರೆಯಿದೆ. ಅದರ ಏರಿಯ ಮೇಲೆ ಮೇಯುವ ಮೂರು ಕರಿ ಕುರಿಮರಿಗಳ ಮಾತನ್ನು ಹೇಳಿ ನಾಲಿಗೆ ತೊಡರಿಸಿಕೊಳ್ಳದ ಕನ್ನಡದ ಮಗುವಿಲ್ಲ. ಸಖರಾಯಪಟ್ಟಣದ ಬಳಿ ಅಯ್ಯನಕೆರೆ, ಕಡೂರಿನ ಕಡೆಗೆ ಹಾಡಿನಲ್ಲೇ ಹೆಸರಾದ ಮದಗದ ಕೆರೆ. ಅಕ್ಕನ ಊರಿನಲ್ಲಿ ನೀರಗಂಟಿ ಒಬ್ಬರಿದ್ದರು. ಜೋರು ಮಳೆಯ ರಾತ್ರಿ ಲಾಟೀನು ಹಿಡಿದು ಏರಿಯ ಹಿಂಬದಿಯ ಇಳಿಜಾರಿನಲ್ಲಿ ನಡೆಯುವರು. ಮುಂಬದಿಯಲ್ಲಿ ತುಂಬಿದ ನೀರು ನೋಡಲು ಊರೇ ನಿಂತಿರುತ್ತದೆ. ಅವರು ನೋಡುವುದು ಒಣಗಿರಬೇಕಾದ ಬದಿಯನ್ನು. ಎಲ್ಲಾದರೂ ಏಡಿ ಬಿಲ, ಇಲಿ ಬಿಲ ಇದೆಯೇ, ಮಣ್ಣು ಜಿನುಗುತ್ತಿದೆಯೇ ಎಂದು ಕಾಲಬೆರಳಿನಿಂದ ಮುಟ್ಟಿ ಮುಟ್ಟಿ ನಡೆಯುವರು. ಒಮ್ಮೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು. ಒಂದು ಕಡೆ ಕೂತು, ನನ್ನ ಅಂಗೈಯನ್ನು ಹುಲ್ಲಿನ ಬುಡಕ್ಕೆ ಒತ್ತಿ, “ತಣ್ಣಗಿದೆಯೋ, ಒದ್ದೆ ಇದೆಯೋ?” ಎಂದು ಕೇಳಿದರು. ಮಳೆಯಲ್ಲಿ ಎಲ್ಲವೂ ಒದ್ದೆ. ಆದರೆ ಸ್ವಲ್ಪ ಹೊತ್ತು ಕೈ ಇಟ್ಟರೆ ವ್ಯತ್ಯಾಸ ತಿಳಿಯಿತು. ಮೇಲಿನಿಂದ ಬಿದ್ದ ನೀರು ಹರಿದು ಹೋಗುತ್ತದೆ, ಒಳಗಿನಿಂದ ಬರುವ ನೀರು ಬೆರಳಿಗೆ ತಳ್ಳುತ್ತದೆ. ಆ ರಾತ್ರಿ ಒಂದು ಬಿಲ ಸಿಕ್ಕಿತು. ಜೇಡಿಮಣ್ಣು ಮಿದ್ದು ಕಾಲಿನಿಂದ ತುಳಿದು ಮುಚ್ಚಿದರು. ಬೆಳಿಗ್ಗೆ ಕೆರೆ ಕೋಡಿ ಬಿತ್ತು, ಊರು ಬಾಗಿನ ಕೊಟ್ಟಿತು. ರಾತ್ರಿ ಮುಚ್ಚಿದ ಬಿಲದ ಸುದ್ದಿ ಯಾರೂ ಎತ್ತಲಿಲ್ಲ. ನೀರಗಂಟಿಯೂ ಎತ್ತಲಿಲ್ಲ.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆ ಹೊತ್ತಿಗೆ ಅಕ್ಕನ ಮಗ ಬೆಂಗಳೂರು ಸೇರಿ, ನೀಲಿ ಅಂಗಿ ತೊಟ್ಟು ಸ್ಟೇಡಿಯಮ್ಮಿನಲ್ಲಿ ಕೂಗುವವರ ಗುಂಪಿನಲ್ಲಿ ಒಬ್ಬನಾಗಿದ್ದ. 2018ರ ಮಾರ್ಚ್ 17ರಂದು ಕಂಠೀರವದಲ್ಲಿ ಐಎಸ್‌ಎಲ್ ಫೈನಲ್. “ಮಾವ, ಟಿಕೆಟ್ ಸಿಕ್ಕಿದೆ, ಹೊರಟು ಬನ್ನಿ” ಎಂದು ಫೋನ್ ಮಾಡಿದ. ಕಡೂರಿನಲ್ಲಿ ರೈಲು ಹತ್ತಿದೆ. ಆ ಋತುವಿನಲ್ಲಿ ಬೆಂಗಳೂರು ಲೀಗ್ ಪಟ್ಟಿಯ ಮೇಲ್ತುದಿಯಲ್ಲಿತ್ತು. ಎದುರಿಗೆ ಚೆನ್ನೈಯಿನ್. ಒಂಬತ್ತನೇ ನಿಮಿಷಕ್ಕೆ ಸುನಿಲ್ ಛೇತ್ರಿ ತಲೆಯಿಂದ ಗೋಲು ಹೊಡೆದಾಗ ನನ್ನ ಪಕ್ಕದಲ್ಲಿ ಕೂತಿದ್ದ ಅಪರಿಚಿತರು ನನ್ನನ್ನು ತಬ್ಬಿಕೊಂಡರು. ಆಮೇಲೆ ಚೆನ್ನೈನ ಕಾರ್ನರ್. ಅವರ ಬ್ರೆಜಿಲ್ ದೇಶದ ಬ್ಯಾಕ್ ಮೈಲ್ಸನ್ ಆಲ್ವೆಸ್ ನಮ್ಮ ಗೋಲಿನ ಮುಂದೆ ಎಲ್ಲರಿಗಿಂತ ಮೇಲಕ್ಕೆ ಎದ್ದ. ಗೋಲು. ಮೊದಲರ್ಧ ಮುಗಿಯುವ ಹೊತ್ತಿಗೆ ಮತ್ತೆ ಕಾರ್ನರ್, ಮತ್ತೆ ಅದೇ ತಲೆ. ಕೊನೆಗೆ 3-2. ಸ್ಟೇಡಿಯಂ ಖಾಲಿಯಾಗುವಾಗ ಹುಡುಗ ಮಾತಿಲ್ಲದೆ ನಡೆಯುತ್ತಿದ್ದ. ನನಗೂ ಸಂಕಟ. ಆದರೂ ಒಳಗೊಳಗೇ, ಬ್ಯಾಕ್ ಒಬ್ಬ ಫೈನಲ್ ಗೆಲ್ಲಿಸಿದ್ದನ್ನು ಕಣ್ಣಾರೆ ಕಂಡೆನಲ್ಲ ಎಂಬ ಭಾವನೆ ಬಂದು ಹೋಯಿತು. ಹುಡುಗನಿಗೆ ಹೇಳಲಿಲ್ಲ.

ಸರಿಯಾಗಿ ಒಂದು ವರ್ಷ. 2019ರ ಮಾರ್ಚ್ 17. ಮತ್ತೆ ಫೈನಲ್, ಈ ಸಲ ಮುಂಬೈಯಲ್ಲಿ, ಎದುರಾಳಿ ಗೋವಾ. ನಾನು ಕಡೂರಿನ ಮನೆಯಲ್ಲಿ ಟೀವಿಯ ಮುಂದೆ. 90 ನಿಮಿಷ ಗೋಲಿಲ್ಲ. ಹೆಚ್ಚುವರಿ ಸಮಯವೂ ಮುಗಿಯುತ್ತ ಬಂತು. ಮನೆಯವರು ಊಟಕ್ಕೆ ಕರೆದು ಕರೆದು ಸಾಕಾಗಿ ತಟ್ಟೆ ಮುಚ್ಚಿಟ್ಟು ಮಲಗಿದ್ದರು. 117ನೇ ನಿಮಿಷ. ಬೆಂಗಳೂರಿಗೆ ಕಾರ್ನರ್. ಡಿಮಾಸ್ ಡೆಲ್ಗಾಡೊ ಒದ್ದ ಚೆಂಡಿಗೆ ರಾಹುಲ್ ಭೇಕೆ ತಲೆಯೊಡ್ಡಿದ. ಚೆಂಡು ಒಳಗೆ. ಭೇಕೆ ಮುಂಬೈ ಹುಡುಗ, ಬ್ಯಾಕ್. ಅವತ್ತು ಅವನ ಹೆಸರು ದೇಶದ ಎಲ್ಲ ಪೇಪರಿನಲ್ಲೂ ಬಂತು. ಮೇಷ್ಟ್ರ ನೋಟ್‌ಬುಕ್ ಇನ್ನೂ ಇದ್ದಿದ್ದರೆ ಅಂಟಿಸಿಕೊಳ್ಳುತ್ತಿದ್ದರು.

ಆ ಗೋಲನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನ ಮನಸ್ಸು ನಿಲ್ಲುವುದು ಅದಕ್ಕಿಂತ ಮೊದಲಿನ 116 ನಿಮಿಷಗಳಲ್ಲಿ. ಗೋವಾದ ಕೋರೊ ಆ ಋತುವಿನಲ್ಲಿ 16 ಗೋಲು ಹೊಡೆದು ಇಡೀ ಲೀಗಿನಲ್ಲಿ ಮೊದಲಿಗನಾಗಿದ್ದ. ಆ ರಾತ್ರಿ ಅವನ ಲೆಕ್ಕ ಸೊನ್ನೆ. ಆ ಸೊನ್ನೆಯನ್ನು ಕಟ್ಟಿದವರು ಭೇಕೆ ಮತ್ತು ಅವನ ಅಕ್ಕಪಕ್ಕದವರು. ಓರೆಯಾಗಿ ನಿಂತು, ಬದಿಗೆ ಒತ್ತಿಕೊಂಡು ಹೋಗಿ, ಒಬ್ಬರಿಗೊಬ್ಬರು ಕೂಗಿಕೊಂಡು. ಮರುದಿನ ಹುಡುಗನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದು ಮಾವ, ಕೋರೊ ಆಡಿದ್ದೇ ನೆನಪಿಲ್ಲ ನಂಗೆ” ಎಂದ. ಬ್ಯಾಕ್ ಒಬ್ಬನಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಗೊತ್ತಿಲ್ಲ.

ಇದನ್ನೇ ಕಸುಬು ಮಾಡಿಕೊಂಡವನ ಬದುಕು ಹೇಗಿರುತ್ತದೆ? ಸಂದೇಶ್ ಜಿಂಗನ್ ಹುಟ್ಟಿದ್ದು 1993ರಲ್ಲಿ, ಚಂಡೀಗಢದಲ್ಲಿ. ಮೊದಲು ಸಿಕ್ಕಿಂನ ತಂಡ, 2014ರಿಂದ ಕೇರಳ ಬ್ಲಾಸ್ಟರ್ಸ್. ಅಲ್ಲಿ ಹೆಸರು, ನಾಯಕತ್ವ ಎಲ್ಲ ಬಂದ ಮೇಲೆ 2019ರಲ್ಲಿ ಮಂಡಿಯ ಅಸ್ಥಿರಜ್ಜು ಹರಿದು ಒಂದು ಋತು ಪೂರ್ತಿ ಹೋಯಿತು. ಚೇತರಿಸಿಕೊಂಡು ಕೋಲ್ಕತ್ತಾ ಸೇರಿದ. 2021ರಲ್ಲಿ ಕ್ರೊಯೇಷಿಯಾದ ಶಿಬೆನಿಕ್ ತಂಡಕ್ಕೆ ಹೋದ. ಗಾಯದಿಂದಾಗಿ ಅಲ್ಲಿ ಒಂದು ಪಂದ್ಯವೂ ಆಡದೆ ಮರಳಿದ. 2022ರಲ್ಲಿ ಬೆಂಗಳೂರಿಗೆ ಬಂದ. ಆ ಋತುವಿನಲ್ಲಿ ಬೆಂಗಳೂರು ಡುರಾಂಡ್ ಕಪ್ ಗೆದ್ದಿತು, ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತಿತು. ಮರುವರ್ಷ ಗೋವಾ. 2024ರ ಜನವರಿಯಲ್ಲಿ ಏಷ್ಯನ್ ಕಪ್‌ನ ಸಿರಿಯಾ ಪಂದ್ಯದಲ್ಲಿ ಮತ್ತೆ ಮಂಡಿ. ಮಂಡಿಯ ಗಾಯವೆಂದರೆ ಹೊಲಿಗೆ ಬಿಚ್ಚಿದ ಕೂಡಲೇ ಮುಗಿಯುವಂಥದ್ದಲ್ಲ. ಮತ್ತೆ ನಡೆಯಲು ಕಲಿಯಬೇಕು, ಮೆಟ್ಟಿಲು ಇಳಿಯಲು ಕಲಿಯಬೇಕು, ಆಮೇಲೆ ತಟ್ಟನೆ ತಿರುಗಲು. ಬ್ಯಾಕ್ ಆಡುವವನಿಗೆ ತಿರುಗುವುದೇ ಅನ್ನ. ಫಾರ್ವರ್ಡ್ ತಾನು ಎತ್ತ ತಿರುಗುವೆನೆಂದು ಮೊದಲೇ ಅರಿತು ತಿರುಗುತ್ತಾನೆ. ಇವನು ಇನ್ನೊಬ್ಬನ ಮನಸ್ಸಿಗೆ ತಕ್ಕಂತೆ ತನ್ನ ಮಂಡಿ ತಿರುಗಿಸಬೇಕು.

ಜಿಂಗನ್ನನ ಒಂದು ರೂಢಿ ನನಗೆ ಬಹಳ ಪ್ರೀತಿ. ಗೋಲಿನತ್ತ ಹೊರಟ ಚೆಂಡಿಗೆ ಮೈಯೊಡ್ಡಿ ತಡೆದರೆ, ಗೋಲು ಹೊಡೆದವನ ಹಾಗೆ ಮುಷ್ಟಿ ಬಿಗಿದು ಕೂಗುತ್ತಾನೆ. ತಡೆದದ್ದೂ ಒಂದು ಘಟನೆ ಎಂದು ಸಾರುವ ಕೂಗು ಅದು. ನಮ್ಮ ನೀರಗಂಟಿ ಆ ರಾತ್ರಿ ಏರಿಯ ಮೇಲೆ ನಿಂತು ಹಾಗೆ ಒಮ್ಮೆ ಕೂಗಬಹುದಿತ್ತು ಅನಿಸುತ್ತದೆ.

2023ರ ಜೂನ್ 27ರಂದೂ ನಾನು ಕಂಠೀರವದಲ್ಲಿದ್ದೆ. ಸ್ಯಾಫ್ ಚಾಂಪಿಯನ್‌ಷಿಪ್, ಭಾರತ ಮತ್ತು ಕುವೈತ್. ಛೇತ್ರಿಯ ಗೋಲಿನಿಂದ ಭಾರತ ಮುಂದಿತ್ತು. 90 ನಿಮಿಷ ಮುಗಿದು ಗಾಯದ ಸಮಯ ನಡೆಯುತ್ತಿತ್ತು. ಕುವೈತಿನವರು ಅಡ್ಡಲಾಗಿ ಕಳಿಸಿದ ಚೆಂಡನ್ನು ಆಚೆ ಒದೆಯಲು ಅನ್ವರ್ ಅಲಿ ಕಾಲು ಚಾಚಿದ. ಚೆಂಡು ನಮ್ಮದೇ ಬಲೆಗೆ ಹೋಯಿತು. ಇಡೀ ಸ್ಟೇಡಿಯಂ ಒಂದೇ ಸಲ ಉಸಿರು ಒಳಗೆಳೆದುಕೊಂಡ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಸ್ವಂತ ಗೋಲು ಬ್ಯಾಕ್‌ಗಳ ಪಾಲಿನ ದುಃಖ. ಅಲ್ಲಿ ಇರಬೇಕಾದವನು ಅಲ್ಲಿ ಇದ್ದುದರಿಂದಲೇ ಅದು ಆಗುವುದು. ಆ ಹುಡುಗನ ಹಿಂದಿನ ಕತೆ ಗೊತ್ತಿದ್ದವರಿಗಂತೂ ಹೊಟ್ಟೆ ಹಿಂಡಿದ ಹಾಗಾಯಿತು. 2019ರಲ್ಲಿ ಅವನ ಹೃದಯದಲ್ಲಿ ಜನ್ಮತಃ ಬಂದ ದೋಷವಿದೆ ಎಂದು ತಿಳಿದು, ಇನ್ನು ಆಡುವಂತಿಲ್ಲ ಎಂದಾಗಿತ್ತು. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ದೆಹಲಿ ಹೈಕೋರ್ಟಿನವರೆಗೆ ಹೋಗಿ, ಮತ್ತೆ ಮೈದಾನಕ್ಕಿಳಿಯುವ ಅನುಮತಿ ಪಡೆದು, ಭಾರತದ ಅಂಗಿ ತೊಟ್ಟವನು. ಅವತ್ತು ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದನ್ನು ಅಷ್ಟು ದೂರದಿಂದಲೂ ನೋಡಿದೆ. ಮುಂದಿನ ವಾರ, ಜುಲೈ 4ರಂದು, ಅದೇ ಮೈದಾನ, ಅದೇ ಕುವೈತ್, ಫೈನಲ್. ಅನ್ವರ್ ಮತ್ತೆ ತನ್ನ ಜಾಗಕ್ಕೆ ಬಂದು ನಿಂತ, ಪಕ್ಕದಲ್ಲಿ ಜಿಂಗನ್. 1-1ರಲ್ಲಿ ಮುಗಿದು, ಪೆನಾಲ್ಟಿಯಲ್ಲಿ ಭಾರತ 5-4ರಿಂದ ಗೆದ್ದಿತು. ಆ ಹೊಡೆತಗಳಲ್ಲಿ ಒಂದು ಜಿಂಗನ್ನನದು. ಕೊನೆಯ ಚೆಂಡನ್ನು ತಡೆದದ್ದು ಗೋಲಿ ಗುರ್‌ಪ್ರೀತ್. ಆ ರಾತ್ರಿ ಕಂಠೀರವದಲ್ಲಿ ಎಲ್ಲರೂ ಒಟ್ಟಾಗಿ ಹಾಡಿದರು. ನಾನು ಮಾತ್ರ ದೀಪ ಆರುವವರೆಗೂ ಅನ್ವರ್‌ನನ್ನೇ ಹುಡುಕುತ್ತಿದ್ದೆ.

ಈಗ ವಾರಕ್ಕೊಮ್ಮೆಯಾದರೂ ಅಜ್ಜಂಪುರಕ್ಕೆ ಹೋಗುತ್ತೇನೆ. ಊರು ತರೀಕೆರೆಯಿಂದ ಬೇರ್ಪಟ್ಟು ತಾನೇ ತಾಲ್ಲೂಕಾಗಿದೆ. ಸಂಜೆ ಕಾವಲ ಕಡೆ ನಡೆದರೆ ಹುಡುಗರು ಆಡುತ್ತಿರುತ್ತಾರೆ. ಎರಡು ಕಲ್ಲಿನ ಬದಲು ಬಿದಿರಿನ ಕಂಬ ಬಂದಿದೆ. ಹುಡುಗಿಯರೂ ಆಡುತ್ತಾರೆ. ಕಡೂರಿನ ವೇದಾ ಕೃಷ್ಣಮೂರ್ತಿ 2017ರಲ್ಲಿ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದಾಗಿನಿಂದ ಈ ಕಡೆಯ ಅಪ್ಪ ಅಮ್ಮಂದಿರಿಗೆ ಹೆಣ್ಣುಮಕ್ಕಳನ್ನು ಮೈದಾನಕ್ಕೆ ಕಳಿಸಲು ಒಂದು ಧೈರ್ಯ ಬಂದಿದೆ.

ಮೊನ್ನೆ ಹೋದಾಗ ಒಬ್ಬಳು ಬ್ಯಾಕ್ ನಿಂತಿದ್ದಳು. ಹನ್ನೆರಡು ಹದಿಮೂರರ ವಯಸ್ಸು, ಎರಡು ಜಡೆ ಮಡಿಚಿ ಕಟ್ಟಿದ್ದಳು. ಚೆಂಡು ಆಚೆ ತುದಿಯಲ್ಲಿತ್ತು. ಅಲ್ಲಿ ಧೂಳು, ಕೂಗಾಟ, ಹತ್ತು ಜನರ ಕಾಲು. ಇತ್ತ ಇವಳೊಬ್ಬಳೇ. ಆದರೂ ನಿಂತಲ್ಲಿ ನಿಂತಿರಲಿಲ್ಲ. ಚೆಂಡು ಎಡಕ್ಕೆ ಹೋದರೆ ಇವಳು ಇಲ್ಲಿ ಎರಡು ಹೆಜ್ಜೆ ಎಡಕ್ಕೆ, ಅತ್ತ ಮುಂದೆ ಹೋದರೆ ಇತ್ತ ನಾಲ್ಕು ಹೆಜ್ಜೆ ಮುಂದಕ್ಕೆ. ಯಾರೂ ಅವಳನ್ನು ನೋಡುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಜೋರಾಗಿ ಒದ್ದರು. ಚೆಂಡು ಎಲ್ಲರ ತಲೆಯ ಮೇಲೆ ಹಾರಿ ಈ ಕಡೆ ಬಿತ್ತು, ಹಿಂದೆಯೇ ಉದ್ದ ಕಾಲಿನ ಹುಡುಗನೊಬ್ಬ ಓಡಿ ಬಂದ. ಅವಳು ಮೇಲೆ ಬೀಳಲಿಲ್ಲ. ಓರೆಯಾಗಿ ನಿಂತಳು. ಅವನು ಎಡಕ್ಕೆ ಹೋಗುವ ಹಾಗೆ ಮಾಡಿದ, ಅವಳು ಕದಲಲಿಲ್ಲ. ಬಲಕ್ಕೆ ಸರಿದ, ಅವಳೂ ಸರಿದಳು. ಹಾಗೇ ಒತ್ತಿಕೊಂಡು ಜಾಲಿಗಿಡದ ಸಾಲಿನವರೆಗೂ ಹೋದರು. ಅಲ್ಲಿ ಅವನಿಗೆ ಚೆಂಡು ಸ್ವಲ್ಪ ಮುಂದಾಯಿತು. ಅವಳು ಕಾಲು ಚಾಚಿ ಅದನ್ನು ಗಿಡದಾಚೆಗೆ ಒದ್ದಳು.

ಹುಡುಗ ಚೆಂಡು ತರಲು ಮುಳ್ಳಿನೊಳಗೆ ಬಗ್ಗಿದ. ಅವಳು ಲಂಗದ ಅಂಚಿನಿಂದ ಮುಖದ ಧೂಳು ಒರೆಸಿಕೊಂಡು ತನ್ನ ಜಾಗಕ್ಕೆ ನಡೆದಳು.